ಕೆಂಚವ್ವನ ಇಂಜಿನ್ನು ಮತ್ತು ಅಂಜುಬುರುಕ ಮಿಸ್ತ್ರಿ

ಬಹಳ ಹಿಂದಿನ ಮಾತು. ಎಷ್ಟು ಹಿಂದೆ ಅಂತ ನನ್ನನ್ನು ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಏಳು ಸುತ್ತಿನ ಕಣಿವೆಯ ಬುಡದಲ್ಲಿ ಒಂದು ಊರು, ಊರಿಗೆ ಒಂದು ಬಸ್ಸು, ಬಸ್ಸಿಗೆ ಒಬ್ಬ ಮಿಸ್ತ್ರಿ. ಬಸ್ಸಿನ ಬಣ್ಣ ಆ ಗುಡ್ಡದ ಕೆಮ್ಮಣ್ಣಿನದೇ ಆಗಿದ್ದರಿಂದ ಊರವರು ಅದನ್ನು ಕೆಂಚವ್ವ ಅಂತ ಕರೆಯುತ್ತಿದ್ದರು. ಮಿಸ್ತ್ರಿಯ ಹೆಸರು ಹೊನ್ನೂರಸಾಬ. ಆದರೆ ಹೆಸರು ಹಿಡಿದು ಕರೆದವರು ಕಡಿಮೆ. ಸುತ್ತ ಹತ್ತೂರಿಗೆ ಅವನು ಅಂಜುಬುರುಕ ಮಿಸ್ತ್ರಿ.

ಅವನ ಅಂಜಿಕೆಯ ಕಥೆಗಳು ಒಂದೆರಡಲ್ಲ. ಒಂದು ನಟ್ಟನ್ನು ಮೂರು ಸಲ ಬಿಗಿಯುತ್ತಿದ್ದನಂತೆ. ಮನೆಗೆ ಹೋಗಿ ಕಾಲು ತೊಳೆದ ಮೇಲೆ ನಾಲ್ಕನೇ ಸಲ ನೋಡಲು ವಾಪಸ್ ಬರುತ್ತಿದ್ದನಂತೆ. ತನ್ನದೇ ಮದುವೆಯ ಊಟಕ್ಕೆ ಕೂತವನು ಅನ್ನ ಕಲಸಿದ ಕೈಯಲ್ಲೇ ಎದ್ದು, ಯಾರದೋ ಲಾರಿಯ ಚಕ್ರಕ್ಕೆ ಪಿನ್ನು ಹಾಕಿದ್ದೆನೋ ಇಲ್ಲವೋ ಅಂತ ನೋಡಲು ಮೂರು ಮೈಲಿ ನಡೆದನಂತೆ. ಪಿನ್ನು ಇತ್ತಂತೆ. ಹೆಂಡತಿ ಹುಸೇನಮ್ಮ ಈ ಒಂದು ಮಾತನ್ನು ಹಿಡಿದುಕೊಂಡು ವರ್ಷಗಟ್ಟಲೆ ಅವನನ್ನು ಆಡಿಕೊಂಡಳು. ನಾನಾಗಿದ್ದರೂ ಆಡಿಕೊಳ್ಳುತ್ತಿದ್ದೆ.

ಅವನ ಕಿವಿಯ ಬಗ್ಗೆಯೂ ಹೇಳುತ್ತಾರೆ. ಒಂದು ಬೇವಿನ ಕಡ್ಡಿ ತೆಗೆದುಕೊಂಡು, ಒಂದು ತುದಿಯನ್ನು ಓಡುವ ಇಂಜಿನ್ನಿನ ಮೇಲಿಟ್ಟು, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ಕೂರುತ್ತಿದ್ದನಂತೆ. ಆಮೇಲೆ ಯಾವ ಪಿಸ್ಟನ್ನಿಗೆ ಸುಖವಿಲ್ಲ ಅಂತ ಹೇಳುತ್ತಿದ್ದನಂತೆ. ಊರ ಬೇವಿನ ಮರದ ಕೆಳಗೆ ಕೂತೇ, ಕೆಂಚವ್ವ ಗುಡ್ಡದ ಯಾವ ಸುತ್ತಿನಲ್ಲಿದ್ದಾಳೆ, ಒಳಗೆ ಎಷ್ಟು ಮಂದಿ ಕೂತಿದ್ದಾರೆ ಅಂತ ಹೇಳುತ್ತಿದ್ದನಂತೆ. ಎಷ್ಟು ಮಂದಿ ಅನ್ನುವುದು ಬಾಯಿಂದ ಬಾಯಿಗೆ ಬರುವಾಗ ಸೇರಿಕೊಂಡ ಮಾತು. ಸುತ್ತಿನ ಮಾತು ಮಾತ್ರ ನಿಜ, ಅದನ್ನು ಮುಂದೆ ನೀವೇ ನೋಡುತ್ತೀರಿ.

ಈಗ ಕೆಂಚವ್ವನ ಹೊಟ್ಟೆಯೊಳಗಿನ ಮಾತು ಸ್ವಲ್ಪ ಕೇಳಿ. ಅವಳ ಇಂಜಿನ್ನು ಹಳೇ ಕಾಲದ್ದು. ಅದರ ಬೇರಿಂಗುಗಳನ್ನು ಅಂಗಡಿಯಲ್ಲಿ ತರುವಂತಿರಲಿಲ್ಲ. ಬಿಳಿ ಲೋಹವನ್ನು ಕಾಯಿಸಿ, ಎರಕ ಹೊಯ್ದು, ಅದು ಆರಿದ ಮೇಲೆ ಕೆರೆಯುವ ಉಳಿಯಿಂದ ಕೂದಲೆಳೆಯಷ್ಟೇ ಕೆರೆದು ಕೆರೆದು ಕೂರಿಸಬೇಕಿತ್ತು. ಎಣ್ಣೆಯ ಏರ್ಪಾಟೂ ಹಾಗೇ. ತಳದ ಚೇಂಬರಿನಲ್ಲಿ ಎಣ್ಣೆ ನಿಂತಿರುತ್ತಿತ್ತು, ತಿರುಗುವ ರಾಡಿನ ತುದಿಗೊಂದು ಚಮಚ, ಆ ಚಮಚ ಎಣ್ಣೆಯನ್ನು ಬಾಚಿ ಎಲ್ಲಾ ಕಡೆ ಎರಚುತ್ತಿತ್ತು. ಸಮತಟ್ಟು ದಾರಿಯಲ್ಲಿ ಸರಿ. ಏರು ಹತ್ತುವಾಗ ಎಣ್ಣೆಯೆಲ್ಲ ಹಿಂದಕ್ಕೆ ಸರಿದು, ಮುಂದಿನ ಬೇರಿಂಗಿಗೆ ಎಣ್ಣೆಯೇ ಸಿಗುತ್ತಿರಲಿಲ್ಲ. ಹಾಗಾಗಿ ವರ್ಷಕ್ಕೊಮ್ಮೆಯಾದರೂ ಐದನೇ ಸುತ್ತಿನಲ್ಲಿ ಕಟಕಟ ಅಂತ ಸದ್ದು, ಸುಟ್ಟ ವಾಸನೆ, ಕೆಂಚವ್ವ ನಿಂತುಬಿಡುವಳು. ಜನ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟು, ನಡೆದು ಹೋಗುವರು.

ನಡೆಯಲು ಆಗುವವರು ನಡೆಯುತ್ತಿದ್ದರು. ಒಂದು ವರ್ಷ ಅಗಸರ ನಿಂಗವ್ವನಿಗೆ ಹೆರಿಗೆ ಕಷ್ಟವಾಯಿತು. ಆಸ್ಪತ್ರೆ ಇದ್ದದ್ದು ಗುಡ್ಡದ ಆಚೆಯ ಪೇಟೆಯಲ್ಲಿ. ಅವಳನ್ನು ಕೆಂಚವ್ವನಲ್ಲಿ ಮಲಗಿಸಿ ಕರೆದೊಯ್ದರು. ಐದನೇ ಸುತ್ತಿನಲ್ಲಿ ಬೇರಿಂಗು ಸುಟ್ಟಿತು. ಕೆಳಗಿನಿಂದ ಎತ್ತಿನ ಗಾಡಿ ಬರುವಷ್ಟರಲ್ಲಿ ನಿಂಗವ್ವ ತೀರಿಹೋಗಿದ್ದಳು.

ಆ ಬೇರಿಂಗನ್ನು ಎರಕ ಹೊಯ್ದು ಕೆರೆದು ಕೂರಿಸಿದವನು ಹೊನ್ನೂರಸಾಬ. ಊರಲ್ಲಿ ಯಾರೂ ಅವನಿಗೆ ಒಂದು ಮಾತು ಅನ್ನಲಿಲ್ಲವಂತೆ. ನಿಂಗವ್ವನ ಗಂಡನೂ ಅನ್ನಲಿಲ್ಲ. ಅದೇ ಅವನನ್ನು ತಿಂದದ್ದು. ಅವತ್ತಿನಿಂದ ಬಸ್ಸು ಹೊರಟಾಗಲೆಲ್ಲ ಬೇವಿನ ಕೆಳಗೆ ಕೂತು, ಅದು ಐದನೇ ಸುತ್ತು ದಾಟುವ ತನಕ ನೀರೂ ಕುಡಿಯುತ್ತಿರಲಿಲ್ಲವಂತೆ.

ಹೀಗಿರುವಾಗ ಅವನ ಕಿವಿಗೊಂದು ಸುದ್ದಿ ಬಿತ್ತು. ಕೆಂಚವ್ವನನ್ನು ಹೆತ್ತ ಕಾರ್ಖಾನೆಯೇ ಆ ಹಳೇ ಇಂಜಿನ್ನಿಗೆ ಹೊಸ ತರಹದ ಸಾಮಾನು ಮಾಡುತ್ತಿದೆಯಂತೆ. ಎಣ್ಣೆಯನ್ನು ಎರಚುವ ಚಮಚವಲ್ಲ, ಒತ್ತಿ ಕಳಿಸುವ ಪಂಪು. ಒಳಗೇ ತೂತು ಕೊರೆದ ಕ್ರ್ಯಾಂಕು, ಅಂದರೆ ರಾಡುಗಳು ತಿರುಗಿಸುವ ದಂಡ, ಆ ತೂತಿನೊಳಗಿಂದ ಎಣ್ಣೆ ಪ್ರತಿ ಬೇರಿಂಗಿಗೂ ತಾನಾಗಿ ಹೋಗುತ್ತದಂತೆ, ಏರಿರಲಿ ಇಳಿಜಾರಿರಲಿ. ಎರಕದ ಬೇರಿಂಗಿಲ್ಲ, ತೆಳ್ಳಗಿನ ತಯಾರು ಬೇರಿಂಗು, ಇಟ್ಟು ಬಿಗಿದರೆ ಆಯಿತಂತೆ. ಹೊನ್ನೂರಸಾಬ ಬಸ್ಸಿನ ಧಣಿಯ ಮನೆ ಬಾಗಿಲಲ್ಲಿ ದಿನಾ ಹೋಗಿ ನಿಂತ. ಏನೂ ಕೇಳುತ್ತಿರಲಿಲ್ಲವಂತೆ, ನಿಲ್ಲುತ್ತಿದ್ದನಂತೆ. ಕಡೆಗೆ ಧಣಿ, ಇವನ ಮುಖ ನೋಡಿ ನೋಡಿ ನನಗೂ ಹೆದರಿಕೆಯಾಗುತ್ತಿದೆ ಅಂತ ಹೇಳಿ ಸಾಮಾನು ತರಿಸಿದನಂತೆ.

ಮರದ ಪೆಟ್ಟಿಗೆ ಬಂತು. ಹೊನ್ನೂರಸಾಬ ಬೇವಿನ ಕೆಳಗೆ ಗೋಣಿ ಹಾಸಿ ಕೆಂಚವ್ವನ ಇಂಜಿನ್ನು ಬಿಚ್ಚಿದ. ಬಿಚ್ಚಿದ್ದನ್ನು ಬಿಚ್ಚಿದ ಸಾಲಿನಲ್ಲೇ ಇಟ್ಟ. ಒಂದು ಗೋಣಿ, ಎರಡು ಗೋಣಿ, ಹನ್ನೊಂದು ಗೋಣಿ ತುಂಬಿತು. ಊರಿಗೆ ಊರೇ ಬಂದು ನೋಡಿತು. ಇಷ್ಟೊಂದು ಚೂರನ್ನು ಮತ್ತೆ ಒಂದು ಮಾಡಲು ಆಗುತ್ತದೆಯೇ ಅಂತ ಒಬ್ಬೊಬ್ಬರೂ ಒಂದೊಂದು ಸಲ ಕೇಳಿದರು. ಕೇಳಿದಾಗಲೆಲ್ಲ ಅವನು ಗೋಣಿಗಳನ್ನು ಮೊದಲಿನಿಂದ ಎಣಿಸುತ್ತಿದ್ದನಂತೆ. ಹಳೇ ಪಿಸ್ಟನ್ನು ಕಬ್ಬಿಣದ್ದು, ಒನಕೆಯಷ್ಟು ಭಾರ. ಹೊಸದು ಅಲ್ಯೂಮಿನಿಯಮ್ಮಿನದು, ಖಾಲಿ ಚೊಂಬಿನಷ್ಟು ಹಗುರ. ಊರ ಹಿರಿಯರು ಅದನ್ನು ಕೈಯಿಂದ ಕೈಗೆ ದಾಟಿಸಿ ತೂಗಿ ನೋಡಿದರು. ಇಷ್ಟು ಹಗುರದ್ದು ಗುಡ್ಡ ಹತ್ತೀತೇ ಅಂತ ತಲೆ ಕೊಡವಿದರು. ಅವತ್ತು ಹೊನ್ನೂರಸಾಬನ ಊಟ ತಟ್ಟೆಯಲ್ಲೇ ಉಳಿಯಿತು.

ಬೇರಿಂಗಿನ ಜೊತೆ ಒಂದು ಕಾಗದ ಬಂದಿತ್ತು. ಶಾಲೆಯ ಮಾಸ್ತರು ಅದನ್ನು ಓದಿ ಹೇಳಿದರು. ಈ ಬೇರಿಂಗನ್ನು ಕೆರೆಯಬಾರದು, ಉಜ್ಜಬಾರದು, ಬರೀ ಕೈಯಲ್ಲಿ ಮುಟ್ಟಲೂಬಾರದು, ಒಂದು ಕಣ ಧೂಳೂ ಒಳಗಿರಬಾರದು. ಮೂವತ್ತು ವರ್ಷ ಬೇರಿಂಗು ಕೆರೆದ ಕೈ ಅದು. ಕೆರೆಯದೆ ಕೂರಿಸಿದ ಬೇರಿಂಗನ್ನು ನಂಬುವುದು ಹೇಗೆ? ಕೈ ತಾನಾಗಿಯೇ ಉಳಿಯ ಕಡೆ ಹೋಗುತ್ತಿತ್ತಂತೆ. ಕಡೆಗೆ ಅವನು ಉಳಿಯನ್ನು ಹುಸೇನಮ್ಮನ ಕೈಗೆ ಕೊಟ್ಟು, ನಾನು ಕೇಳಿದರೂ ಕೊಡಬೇಡ ಅಂದನಂತೆ. ಅವನು ಎರಡು ಸಲ ಕೇಳಿದ. ಅವಳು ಕೊಡಲಿಲ್ಲ.

ಕ್ರ್ಯಾಂಕಿನ ತೂತು ಎಷ್ಟು ಸಣ್ಣದೆಂದರೆ ಕಸಬರಿಗೆಯ ಒಂದು ಕಡ್ಡಿ ಹೋಗುವಷ್ಟು. ಪಂಪಿನ ಬಾಯಿಗೊಂದು ತಂತಿಯ ಜಾಲರಿ, ಹಿಟ್ಟಿನ ಜರಡಿಯಷ್ಟು ಸಣ್ಣ ಕಣ್ಣಿನದು. ಹೊನ್ನೂರಸಾಬ ತನ್ನ ನಿಕಾದ ದಿನ ತಲೆಗೆ ಸುತ್ತಿದ್ದ ಬಿಳಿ ರುಮಾಲನ್ನು ತಂದ. ಅವನ ಪದ್ಧತಿಯೇ ಅದು. ಯಾವುದೇ ಇಂಜಿನ್ನನ್ನು ಮುಚ್ಚುವ ಮುಂಚೆ ಒಳಗೆಲ್ಲ ಆ ರುಮಾಲಿನಿಂದ ಒರೆಸಿ, ರುಮಾಲನ್ನು ಬಿಡಿಸಿ ನಿಂತವರಿಗೆ ತೋರಿಸುತ್ತಿದ್ದ. ಅದರಲ್ಲಿ ಒಂದು ಕಲೆ ಇದ್ದರೂ ಮುಚ್ಚುತ್ತಿರಲಿಲ್ಲ. ಈ ಸಲ ಏಳು ಸಲ ಒರೆಸಿದನಂತೆ. ಏಳನೇ ಸಲ ರುಮಾಲು ಹಾಲಿನ ಹಾಗೆ ಬೆಳ್ಳಗಿತ್ತು.

ಊರದೂ ಒಂದು ಪದ್ಧತಿ ಇತ್ತು. ಕೆಂಚವ್ವನ ಇಂಜಿನ್ನು ಬಿಚ್ಚಿ ಕೂಡಿಸಿದಾಗಲೆಲ್ಲ ಡ್ರೈವರನ ಮನೆಯವರು ಮೈಲಾರಪ್ಪನ ಭಂಡಾರ, ಅಂದರೆ ದೇವರ ಅರಿಶಿಣ, ಒಂದು ಚಿಟಿಕೆ ತಂದು ಎಣ್ಣೆ ಹೊಯ್ಯುವ ಬಾಯಿಯಲ್ಲಿ ಹಾಕುತ್ತಿದ್ದರು. ಗುಡ್ಡದ ನೆತ್ತಿಯಲ್ಲಿ ಮೈಲಾರಪ್ಪನ ಕಟ್ಟೆ ಇದೆಯಲ್ಲ, ಅವನ ದಾರಿಯಲ್ಲಿ ಹೋಗುವವಳ ಹೊಟ್ಟೆಯಲ್ಲಿ ಅವನಿರಲಿ ಅಂತ. ಹೊನ್ನೂರಸಾಬ ಎಂದೂ ಬೇಡ ಅಂದವನಲ್ಲ, ತಾನೇ ಮುಚ್ಚಳ ತೆಗೆದು ಕೊಡುತ್ತಿದ್ದ. ಹಳೇ ಇಂಜಿನ್ನು ಅದನ್ನೆಲ್ಲ ಅರಗಿಸಿಕೊಳ್ಳುತ್ತಿತ್ತು. ಹೊಸದಕ್ಕೆ ಅದು ಆಗುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಅದಕ್ಕೆ ಅವನು ಊರ ಬೇವಿನ ಕಟ್ಟೆಯ ಮೇಲೆ ಕೂತಿದ್ದ ಎಲ್ಲರನ್ನೂ ಕರೆದು, ಈ ಸಲ ಭಂಡಾರ ಬಾನೆಟ್ಟಿನ ಮೇಲೆ ಮಾತ್ರ, ಒಳಗೆ ಎಣ್ಣೆ ಬಿಟ್ಟು ಬೇರೇನೂ ಹೋಗಬಾರದು ಅಂತ ಕೈ ಮುಗಿದು ಹೇಳಿದ. ಎಲ್ಲರೂ ಹೂಂ ಅಂದರು.

ಕಟ್ಟೆಯ ಮೇಲೆ ಕೂತಿದ್ದವರೆಲ್ಲ ಗಂಡಸರು. ಭಂಡಾರ ಹಾಕುವ ಕೈ ಹೆಂಗಸಿನದು. ಮೂರು ಸಲ ನಟ್ಟು ಬಿಗಿಯುವ ಮನುಷ್ಯನಿಗೆ ಇದೊಂದು ಹೊಳೆಯಲಿಲ್ಲ. ಕೇಳಿ ಹೂಂ ಅಂದ ಒಬ್ಬನೂ ಮನೆಗೆ ಹೋಗಿ ಹೇಳಲಿಲ್ಲ. ನಮ್ಮ ಗಂಡಸರ ಹಣೆಬರಹವೇ ಇಷ್ಟು.

ಡ್ರೈವರ ಹುಲಿಗೆಪ್ಪನ ಹೆಂಡತಿ ಮಾಳವ್ವ. ಬಿಚ್ಚಿದ ಇಂಜಿನ್ನನ್ನು ಅವಳೂ ನೋಡಿದ್ದಳು, ಹಗುರದ ಪಿಸ್ಟನ್ನಿನ ಮಾತನ್ನೂ ಕೇಳಿದ್ದಳು. ಗಂಡ ಆ ಇಂಜಿನ್ನನ್ನು ನಂಬಿಕೊಂಡು ಗುಡ್ಡ ಹತ್ತಬೇಕು, ಆಮೇಲೆ ಆ ಕಡೆಯ ಇಳಿಜಾರು ಇಳಿಯಬೇಕು. ಅವಳಿಗೆ ವಾರದಿಂದ ಕಣ್ಣಿಗೆ ನಿದ್ದೆ ಹತ್ತಿರಲಿಲ್ಲ. ಬಸ್ಸು ಹೊರಡುವ ದಿನ ಬೆಳಕು ಹರಿಯುತ್ತಿದ್ದಂತೆ, ಹೊನ್ನೂರಸಾಬ ನಮಾಜಿಗೆ ಹೋಗಿದ್ದ ಹೊತ್ತಿಗೆ, ಅವಳು ಬಂದು ಹೋದಳು.

ಹೊತ್ತು ಏರಿತು. ಮೂರು ತಿಂಗಳು ಬಸ್ಸಿಲ್ಲದೆ ಕಾದಿದ್ದ ಜನ, ನಲವತ್ತು ಮಂದಿ ಹತ್ತಿದರು. ಜ್ವರದವರು, ಬಸುರಿಯರು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಮುದುಕರು, ಹೆಚ್ಚಿನವರು ಆಸ್ಪತ್ರೆಗೆ ಹೊರಟವರೇ. ಹುಲಿಗೆಪ್ಪ ಚಾಲೂ ಮಾಡಿದ. ಸದ್ದೇ ಇಲ್ಲ ಅನ್ನುವಷ್ಟು ಮೆತ್ತಗೆ ಓಡಿತು. ಹಳೇ ಗಡಗಡ ಕೇಳಿ ಬೆಳೆದವರಿಗೆ ಅದೂ ಒಂದು ಹೆದರಿಕೆ. ಹೊನ್ನೂರಸಾಬ ಹುಲಿಗೆಪ್ಪನಿಗೆ ಹತ್ತು ಸಲ ಹೇಳಿದ. ಸಾಮಾನು ಹೊಸದು, ಒಂದಕ್ಕೊಂದು ಹೊಂದಿಕೊಳ್ಳಬೇಕು, ಎತ್ತಿನ ನಡಿಗೆಗಿಂತ ಜೋರು ಬೇಡ, ನೆತ್ತಿಯಲ್ಲಿ ಎರಡು ಬೀಡಿ ಸೇದುವಷ್ಟು ಹೊತ್ತು ನಿಲ್ಲಿಸು. ಬಸ್ಸು ಹೊರಟಿತು. ಅವನು ರುಮಾಲನ್ನು ತಲೆಗೆ ಸುತ್ತಿಕೊಂಡು ಬೇವಿನ ಕೆಳಗೆ ಕೂತ.

ಮೊದಲ ಸುತ್ತು. ಎರಡನೇ ಸುತ್ತು. ಹುಸೇನಮ್ಮ ರೊಟ್ಟಿ ತಂದಿಟ್ಟಳು. ಆಗ ಮಾಳವ್ವ ಬಂದಳು. ಹಣೆ ತುಂಬ ಭಂಡಾರ, ಮುಖದಲ್ಲಿ ನಗು. ಅವನ ಮುಖ ನೋಡಿ ಸಮಾಧಾನ ಹೇಳಲು ಹತ್ತಿರ ಬಂದಳು.

"ಇನ್ನು ಅಂಜಬ್ಯಾಡ ಸಾಬಣ್ಣ. ಬೆಳಿಗ್ಗೆನೇ ಬಂದು ಮೈಲಾರಪ್ಪನ್ನ ಒಳಗ ಕುಂದ್ರಿಸೀನಿ."

ಹೊನ್ನೂರಸಾಬ ರೊಟ್ಟಿ ಸರಿಸಿ ಎದ್ದು ನಿಂತ. "ಎಷ್ಟು ಹಾಕ್ದಿ, ತಂಗಿ?"

"ಯಾವಾಗ್ಲೂ ಚಿಟಿಕಿ ಹಾಕ್ತಿದ್ದೆ. ಈ ಸಲ ಜೀವ ತಡೀಲಿಲ್ಲ. ಒಂದು ಹಿಡಿ ಹಾಕೀನಿ."

ಒಂದು ಹಿಡಿ. ಎಣ್ಣೆ ಕಾದ ಹಾಗೆಲ್ಲ ಅರಿಶಿಣ ಉಬ್ಬುತ್ತದೆ. ಉಬ್ಬಿ ಜಾಲರಿಗೆ ಅಂಟುತ್ತದೆ. ಜಾಲರಿ ಮುಚ್ಚಿದರೆ ಪಂಪಿಗೆ ಎಣ್ಣೆಯಿಲ್ಲ, ಬೇರಿಂಗಿಗೆ ಎಣ್ಣೆಯಿಲ್ಲ. ಹತ್ತುವಾಗ ನಿಂತರೆ ಚಕ್ರಕ್ಕೆ ಕಲ್ಲು ಕೊಡಬಹುದು. ಇಳಿಯುವಾಗ? ಆ ಕಾಲದ ಬ್ರೇಕು ಹೆಸರಿಗೆ ಮಾತ್ರ. ಆ ಕಡೆಯ ಇಳಿಜಾರಿನಲ್ಲಿ ಬಸ್ಸನ್ನು ಹಿಡಿದು ಇಳಿಸುತ್ತಿದ್ದದ್ದು ಸಣ್ಣ ಗೇರಿನಲ್ಲಿರುವ ಇಂಜಿನ್ನು. ಅಲ್ಲಿ ಬೇರಿಂಗು ಸುಟ್ಟು ರಾಡು ಮುರಿದರೆ ಕೆಂಚವ್ವನನ್ನು ಹಿಡಿಯುವವರು ಯಾರೂ ಇಲ್ಲ. ಇದೆಲ್ಲ ಅವನ ತಲೆಯಲ್ಲಿ ಒಂದೇ ಉಸಿರಿಗೆ ಬಂತು. ಯಾರ ಮುಂದೆಯೂ ಬಾಯಿ ಬಿಡಬೇಡ ಅಂತ ಮಾಳವ್ವನಿಗೆ ಹೇಳಿ, ಹುಸೇನಮ್ಮನ ಮುಖವನ್ನೊಮ್ಮೆ ನೋಡಿ, ಅವನು ಓಡಿದ.

ಬಸ್ಸಿನ ದಾರಿ ಏಳು ಸುತ್ತು. ಕುರಿಗಳ ದಾರಿ ನೆಟ್ಟಗೆ ನೆತ್ತಿಗೆ ಹೋಗುತ್ತದೆ, ಒಂದೂವರೆ ಮೈಲಿ, ಗೋಡೆ ಹತ್ತಿದ ಹಾಗೆ. ಐವತ್ತು ದಾಟಿದ, ಬೀಡಿ ಸೇದಿ ಎದೆ ಸುಟ್ಟುಕೊಂಡ ಮನುಷ್ಯ ಅದನ್ನು ಓಡಿ ಹತ್ತಿದನಂತೆ. ಅವನ ಹೆಜ್ಜೆ ಕಲ್ಲಿನಲ್ಲಿ ಮೂಡಿದೆ ಅಂತ ಹೇಳುತ್ತಾರೆ. ನಾನು ನೋಡಿದ್ದೇನೆ, ಅದು ಕುರಿಗಾರರು ಕುರಿಗೆ ಉಪ್ಪು ಇಡುವ ಗುಣಿ. ಆದರೆ ಹೇಳುವವರ ಬಾಯಿ ಮುಚ್ಚಿಸಲು ಹೋಗಬೇಡಿ.

ಅವನು ಓಡಿದ, ನಿಂತ, ಕೇಳಿದ. ಮೂರನೇ ಸುತ್ತು. ಓಡಿದ, ನಿಂತ, ಕೇಳಿದ. ನಾಲ್ಕನೇ ಸುತ್ತು. ಕಾಲಿನ ಚಪ್ಪಲಿ ಕಿತ್ತುಹೋಯಿತು. ಮುಳ್ಳು ಕಂಟಿ ಹಿಡಿದು ಹತ್ತಿದ. ಐದನೇ ಸುತ್ತಿನ ಹೊತ್ತಿಗೆ ಅವನ ಉಸಿರಿನ ಸದ್ದೇ ಅವನ ಕಿವಿ ತುಂಬಿತ್ತು, ಬಸ್ಸು ಕೇಳಿಸಲಿಲ್ಲ. ಉಸಿರು ಬಿಗಿಹಿಡಿದು ನಿಂತ. ಕೇಳಿಸಿತು. ಕೆಂಚವ್ವ ಐದನೇ ಸುತ್ತನ್ನು ಒಂದು ಸಲವೂ ತಡವರಿಸದೆ, ಕಟಕಟ ಅನ್ನದೆ, ತವರಿಗೆ ಹೊರಟವಳ ಹಾಗೆ ದಾಟಿಹೋದಳು. ನಿಂಗವ್ವ ಸತ್ತ ಜಾಗವನ್ನು ದಾಟಿಹೋದಳು. ಅವನಿಗೆ ಅಳು ಬಂತಂತೆ. ಎಷ್ಟು ವರ್ಷ ಕಾದ ಸದ್ದು ಅದು. ಆ ಸದ್ದನ್ನೇ ಈಗ ನಿಲ್ಲಿಸಲು ಓಡಬೇಕಾಗಿತ್ತು.

ನೆತ್ತಿಯಲ್ಲಿ ಹುಲಿಗೆಪ್ಪ ಇಂಜಿನ್ನು ಮುಟ್ಟಿ ನೋಡಿದ. ಹಳೇದಾಗಿದ್ದರೆ ಅಷ್ಟು ಹೊತ್ತಿಗೆ ರೇಡಿಯೇಟರಿನಲ್ಲಿ ನೀರು ಕುದಿಯಬೇಕಿತ್ತು. ಇದು ಬೆಚ್ಚಗಿತ್ತು ಅಷ್ಟೇ. ಅವನಿಗೆ ಹಿಗ್ಗು. ಈ ಅಂಜುಬುರುಕನ ಮಾತು ಕೇಳಿ ಎರಡು ಬೀಡಿ ಸೇದುವುದೇಕೆ, ಒಂದು ಸಾಕು ಅಂತ ಜನರನ್ನು ಹತ್ತಿಸಿದ. ಬಸ್ಸು ಮೈಲಾರಪ್ಪನ ಕಟ್ಟೆಯನ್ನು ದಾಟಿ ಇಳಿಜಾರಿನ ಮೂತಿಗೆ ಬಂತು.

ಅಲ್ಲಿ ದಾರಿಯ ನಡುವೆ ಒಂದು ಬಿಳಿ ಬಟ್ಟೆ ಹಾಸಿತ್ತು. ಬಟ್ಟೆಯ ಮೇಲೆ ಮನುಷ್ಯ ಕೂತಿದ್ದ.

ಕೂಗಲು ಅವನಲ್ಲಿ ಉಸಿರಿರಲಿಲ್ಲ. ಕೈ ಎತ್ತಲೂ ಆಗಲಿಲ್ಲವಂತೆ. ಅದಕ್ಕೇ ರುಮಾಲು ಬಿಚ್ಚಿ ಹಾಸಿ ಕೂತುಬಿಟ್ಟಿದ್ದ. ಆ ರುಮಾಲನ್ನು ಹುಲಿಗೆಪ್ಪ ನೂರು ಸಲ ನೋಡಿದ್ದ. ಬ್ರೇಕು ತುಳಿದ. ಹೊನ್ನೂರಸಾಬನ ಮೊಣಕಾಲಿಗೆ ಒಂದು ಗೇಣು ಇದೆ ಅನ್ನುವಾಗ ಕೆಂಚವ್ವ ನಿಂತಳು. ಒಂದು ಬೆರಳು ಅನ್ನುವವರೂ ಇದ್ದಾರೆ.

ಚಕ್ರಕ್ಕೆ ಕಲ್ಲು ಕೊಟ್ಟರು. ಅವನಿಗೆ ನೀರು ಕುಡಿಸಿದರು. ಮಾತು ಬರುವ ಮುಂಚೆ ಅವನು ಬಸ್ಸಿನ ಕೆಳಗೆ ನುಗ್ಗಿ ಬಸ್ಸಿನಲ್ಲಿದ್ದ ನಟ್ಟು ಬಿಚ್ಚುವ ಪಾನ ಹಿಡಿದು ಚೇಂಬರಿನ ಎಣ್ಣೆ ಇಳಿಸಿದ್ದ. ಎಣ್ಣೆಯನ್ನು ರುಮಾಲಿನಲ್ಲಿ ಸೋಸಿದ. ಏಳು ಸಲ ಒರೆಸಿ ಬೆಳ್ಳಗೆ ಉಳಿದಿದ್ದ ರುಮಾಲು ಹಳದಿಯಾಯಿತು. ಚೇಂಬರು ಬಿಚ್ಚಿದರೆ ಜಾಲರಿಯ ಮುಕ್ಕಾಲು ಪಾಲು ಮುಚ್ಚಿತ್ತು, ಮದುಮಗಳಿಗೆ ಹಚ್ಚಲು ಕಲಸಿಟ್ಟ ಅರಿಶಿಣದ ಹಾಗೆ. ನಲವತ್ತು ಮಂದಿ ಸುತ್ತ ನಿಂತು ಅದನ್ನು ನೋಡಿದರು, ಆಮೇಲೆ ಎದುರಿನ ಇಳಿಜಾರನ್ನು ನೋಡಿದರು. ಯಾರಿಗೂ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

 ಆಮೇಲೆ ಸಿಟ್ಟು ಬಂತು. ಸಾವಿನ ಬಾಯಿಂದ ಹೊರಬಂದವರಿಗೆ ಬರುವ ಸಿಟ್ಟು ಕೆಟ್ಟದ್ದು. ಒಳಗೆ ಹಾಕಬೇಡಿ ಅಂತ ಮಿಸ್ತ್ರಿ ಕೈ ಮುಗಿದು ಹೇಳಿದ್ದನಲ್ಲ, ಹಾಕಿದವರು ಯಾರು ಅಂತ ಒಬ್ಬ ಕೇಳಿದ, ಇನ್ನೊಬ್ಬ ಕೇಳಿದ. ಯಾರೇ ಆಗಲಿ ಅವರಿಗೆ ಊರಲ್ಲಿ ನೀರು ನೆರಳು ಇರಬಾರದು ಅಂದರು. ಹುಲಿಗೆಪ್ಪನ ಮುಖ ಬಿಳಿಚಿಕೊಂಡಿತು. ಪ್ರತಿ ಸಲ ಹಾಕುವ ಕೈ ಯಾರದು ಅಂತ ಅವನಿಗೆ ಗೊತ್ತಿತ್ತು. ಇನ್ನು ನಾಲ್ಕು ಮಾತಾಗಿದ್ದರೆ ಉಳಿದವರಿಗೂ ನೆನಪಾಗುತ್ತಿತ್ತು.

ಹೊನ್ನೂರಸಾಬ ಬಸ್ಸಿನ ಕೆಳಗಿನಿಂದ ತಲೆ ಹೊರಗೆ ಹಾಕಿದ. "ನಾನೇ ಹಾಕೀನಿ," ಅಂದ. "ಅಂಜಿಕಿ ಆತು."

ಎಲ್ಲರೂ ಅವನನ್ನು ನೋಡಿದರು. ಬೇರೆ ಯಾರು ಈ ಮಾತು ಹೇಳಿದ್ದರೂ ನಂಬುತ್ತಿರಲಿಲ್ಲ. ಅವನು ಹೇಳಿದ್ದಕ್ಕೆ ಎಲ್ಲರೂ ನಂಬಿದರು. ನಾಲ್ಕು ಸಲ ನಟ್ಟು ನೋಡುವವನು, ಮದುವೆ ಊಟ ಬಿಟ್ಟು ಎದ್ದವನು, ಹೆದರಿಕೆಗೆ ಮೈಲಾರಪ್ಪನನ್ನೂ ಬಿಡಲಿಲ್ಲ ನೋಡು ಅಂತ ಒಬ್ಬ ನಕ್ಕ. ನಗು ಒಬ್ಬರಿಂದ ಒಬ್ಬರಿಗೆ ಹತ್ತಿತು. ಸಿಟ್ಟೆಲ್ಲ ನಗುವಾಗಿ ಹೋಯಿತು. ಅವನು ಜಾಲರಿ ತೊಳೆಯುತ್ತಾ ಕೂತ. ಬಸ್ಸಿನಲ್ಲಿದ್ದ ಡಬ್ಬಿಯ ಎಣ್ಣೆ ಹೊಯ್ದ. ಬಾನೆಟ್ಟಿನ ಪಕ್ಕ ಕೂತು, ಬೇವಿನ ಕಡ್ಡಿ ಕಚ್ಚಿಕೊಂಡು, ಪೇಟೆಯ ತನಕ ಇಂಜಿನ್ನು ಕೇಳುತ್ತಾ ಹೋದ. ನಲವತ್ತು ಮಂದಿಯೂ ಹಗಲಿರುವಾಗಲೇ ಆಸ್ಪತ್ರೆಯ ಬಾಗಿಲಲ್ಲಿ ಇಳಿದರು.

ಆ ನಗು ಮಾತ್ರ ಅವನನ್ನು ಬಿಡಲಿಲ್ಲ. ಹಾದಿಯಲ್ಲಿ ಕಂಡವರು, ಏನು ಮಿಸ್ತ್ರಿ, ಇವತ್ತು ಎಷ್ಟು ಹಿಡಿ ಅಂತ ಕೇಳುವರು. ಮಸೀದಿಯ ಕಟ್ಟೆಯ ಮೇಲೆ ಕೂತ ಅವನ ಕಡೆಯ ಹಿರಿಯರು, ಇದೇನಪ್ಪ ನೀನು ಮಾಡಿದ್ದು ಅಂತ ಬೇಸರದಿಂದ ಕೇಳಿದರು. ಅವರಿಗೂ ಅವನು ಅದನ್ನೇ ಹೇಳಿದ. ಕೆಂಚವ್ವ ಆಮೇಲೆ ಎಂದೂ ಐದನೇ ಸುತ್ತಿನಲ್ಲಿ ನಿಲ್ಲಲಿಲ್ಲ. ಹುಸೇನಮ್ಮ ಆಮೇಲೆ ಎಂದೂ ಮದುವೆ ಊಟದ ಮಾತು ಎತ್ತಲಿಲ್ಲ.

ವರ್ಷಗಳು ಹೋದವು. ಹೊನ್ನೂರಸಾಬ ಹಾಸಿಗೆ ಹಿಡಿಯದೆ ಒಂದು ದಿನ ತೀರಿಕೊಂಡ. ಮಣ್ಣಿಗೆ ಒಯ್ಯುವ ಮುಂಚೆ ಅವನ ಡೋಲಿಯನ್ನು ಬೇವಿನ ಕೆಳಗೆ ಇಳಿಸಿದ್ದರಂತೆ, ಊರು ನೋಡಲಿ ಅಂತ. ಆಗ ಮುದುಕಿಯಾಗಿದ್ದ ಮಾಳವ್ವ ಕೋಲೂರಿಕೊಂಡು ಬಂದಳು. ಊರ ನಡುವೆ ನಿಂತು ಹೇಳಿದಳು.

"ಹಾಕಿದಾಕಿ ನಾನು. ಅಂಜಿದಾಕಿ ನಾನು. ಈ ಮನಷ್ಯಾ ನನ್ನ ಸಲುವಾಗಿ ಇಷ್ಟು ವರ್ಷ ನಿಮ್ಮ ಬಾಯಾಗ ಬಿದ್ದ."

 ಹುಸೇನಮ್ಮ ಮನೆಯೊಳಗಿನಿಂದ ಆ ರುಮಾಲನ್ನು ತಂದಳು. ಎಷ್ಟು ಸಲ ಸೋಡಾ ಹಾಕಿ ಒಗೆದರೂ ಹಳದಿ ಹೋಗಿರಲಿಲ್ಲ. ಅದನ್ನು ಮಾಳವ್ವನ ಕೈಗೆ ಕೊಟ್ಟಳು. ಇಬ್ಬರು ಮುದುಕಿಯರೂ ಅದನ್ನು ಹಿಡಿದುಕೊಂಡು ಅತ್ತರು. ಮಾಳವ್ವ ಅದನ್ನು ಕೆಂಚವ್ವನ ಮೂತಿಗೆ ಕಟ್ಟಿದಳು.

ಇವತ್ತಿಗೂ ಆ ಸೀಮೆಯಲ್ಲಿ ಬಸ್ಸಿನದಾಗಲಿ ಟ್ರ್ಯಾಕ್ಟರಿನದಾಗಲಿ ಇಂಜಿನ್ನು ಬಿಚ್ಚಿ ಕೂಡಿಸಿದರೆ, ಮುಚ್ಚುವ ಮುಂಚೆ ಮಿಸ್ತ್ರಿ ಮೊದಲು ಮನೆಯ ಹೆಂಗಸರನ್ನು ಕರೆಯುತ್ತಾನೆ. ಒಳಗೆಲ್ಲ ಒರೆಸಿದ ಬಿಳಿ ಬಟ್ಟೆಯನ್ನು ಅವರ ಮುಂದೆ ಬಿಡಿಸಿ ಹಿಡಿಯುತ್ತಾನೆ. ಅವರು ಒಂದು ಹಿಡಿ ಭಂಡಾರ ಅಂಗೈಗೆ ಹಚ್ಚಿಕೊಂಡು ಆ ಬಟ್ಟೆಯ ಮೇಲೆ ಒತ್ತುತ್ತಾರೆ. ಹಳದಿ ಕೈ ಮೂಡಿದ ಆ ಬಟ್ಟೆಯನ್ನು ಬಾನೆಟ್ಟಿನ ಹೊರಗೆ ಕಟ್ಟುತ್ತಾರೆ. ಗುಡ್ಡದ ನೆತ್ತಿಗೆ ಬಂದ ಪ್ರತಿ ಡ್ರೈವರನೂ, ಇಂಜಿನ್ನು ಬೆಚ್ಚಗಿರಲಿ ತಣ್ಣಗಿರಲಿ, ಎರಡು ಬೀಡಿಯಷ್ಟು ಹೊತ್ತು ನಿಲ್ಲಿಸುತ್ತಾನೆ. ಬೀಡಿ ಸೇದದವನೂ ನಿಲ್ಲಿಸುತ್ತಾನೆ. ಯಾಕೆ ನಿಂತೆ ಅಂತ ಹೊಸಬರು ಯಾರಾದರೂ ಕೇಳಿದರೆ ಅವನು ಹೇಳುವುದು ಒಂದೇ ಮಾತು, ಅಂಜಿಕಿ ಆತು ಅಂತ. ಆ ಮಾತಿಗೆ ಈಗ ಅಲ್ಲಿ ಯಾರೂ ನಗುವುದಿಲ್ಲ.